ಮುನಿವೆಂಕಟಮ್ಮ ಸಹಿ ಹಾಕಿದ ಹನ್ನೊಂದು ಚಿತ್ರಗಳು

ಹನುಮಂತನಗರದಲ್ಲಿ ಮುನಿವೆಂಕಟಮ್ಮನವರ ಫೋಟೊ ಫ್ರೇಮ್ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷದಿಂದ ಗಾಜು ಕತ್ತರಿಸುವುದು, ಮೊಳೆ ಹೊಡೆಯುವುದು ಎಲ್ಲ ಅವರದೇ. ಪ್ರತಿ ಕಟ್ಟಿನ ಹಿಂದಿನ ಹಲಗೆಯ ಮೇಲೆ ಅದು ಯಾರ ಮನೆಯದು, ಯಾವ ವರ್ಷದ್ದು ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಾರೆ.

ಅವರ ಹತ್ತಿರ ಅತಿ ಹೆಚ್ಚು ಕಟ್ಟು ಹಾಕಿಸಿದವರು ಜಯನಗರದ ರಾಮಪ್ರಸಾದ ಮೇಷ್ಟ್ರು. ಚಿನ್ನದ ರೇಕಿನ ಹಳೆಯ ಮೈಸೂರು ಚಿತ್ರಗಳೆಂದರೆ ಮೇಷ್ಟ್ರಿಗೆ ಪ್ರಾಣ. ಅವರು ಹೋದ ಮೇಲೆ ಮಗಳು ಶಿಲ್ಪಶ್ರೀ ಎಲ್ಲವನ್ನೂ ಮಾರಿದಳು. ಚಿತ್ರಗಳು ಮನೆಮನೆಗೆ ಚದುರಿಹೋದವು.

ಹೋದ ವರ್ಷ ಅವಳು ಅಂಗಡಿಗೆ ಬಂದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದಾಗಲೆಲ್ಲ ಮುನಿವೆಂಕಟಮ್ಮನವರ ಬುತ್ತಿಯಲ್ಲೇ ಪಾಲು ತಿಂದ ಹುಡುಗಿ.

"ಆಂಟಿ, ತಗೊಂಡವ್ರು ಇದು ನಿಜವಾಗ್ಲೂ ಮೇಷ್ಟ್ರ ಮನೇದೇನಾ ಅಂತ ಕೇಳ್ತಿದಾರೆ. ಹಿಂದೆ ನಿಮ್ ಬರಹ ನೋಡಿ, ಹೌದು ಅಂತ ಒಂದು ಸಹಿ ಹಾಕ್ಕೊಡಿ."

ಇಬ್ಬರೂ ಆಟೋದಲ್ಲಿ ಮನೆಮನೆ ಸುತ್ತಿದರು. ತಮ್ಮ ಅಕ್ಷರ ಕಂಡಲ್ಲೆಲ್ಲ ಮುನಿವೆಂಕಟಮ್ಮನವರಿಗೆ ನೆಂಟರನ್ನು ಕಂಡಷ್ಟು ಖುಷಿ. ಹನ್ನೊಂದು ಕಾಗದಗಳಿಗೆ ಸಹಿ ಹಾಕಿದರು.

ಮೂರು ತಿಂಗಳ ನಂತರ ಜೆ.ಪಿ. ನಗರದ ದೇವದಾಸ್ ಎಂಬುವರು ಬಿರುಕು ಬಿಟ್ಟ ಗಾಜು ಬದಲಿಸಲು ತಮ್ಮ ಸರಸ್ವತಿಯ ಚಿತ್ರ ತಂದುಕೊಟ್ಟರು. ಹನ್ನೊಂದರಲ್ಲಿ ಅದೂ ಒಂದು. ಮುನಿವೆಂಕಟಮ್ಮ ಹಲಗೆ ಬಿಚ್ಚಿ, ಅಂಚಿನ ರಟ್ಟು ಎತ್ತಿ ನೋಡಿದರು. ಹಿಂದೆ ಮೇಷ್ಟ್ರು ತಂದಾಗಲೇ ಆ ಸರಸ್ವತಿಯ ಕೆಳಮೂಲೆಯನ್ನು ಹುಳು ತಿಂದಿತ್ತು. ತೂತು ಕಾಣದಂತೆ ಅಂಚಿಗೆ ಅಗಲವಾದ ರಟ್ಟು ಕೊಟ್ಟವರು ಮುನಿವೆಂಕಟಮ್ಮನವರೇ. ಈಗ ರಟ್ಟಿನಡಿಯ ಮೂಲೆ ಹೊಚ್ಚಹೊಸದಾಗಿತ್ತು. ಕಟ್ಟು ಅವರದು, ಒಳಗಿನ ಚಿತ್ರ ನಕಲು.

ನೇರವಾಗಿ ಶಿಲ್ಪಶ್ರೀಯ ಮನೆಗೆ ಹೋದರು.

"ಏನಮ್ಮಾ ಇದು? ನನ್ ಕೈಲಿ ಸುಳ್ಳಿಗೆ ಸಹಿ ಹಾಕ್ಸಿದ್ಯಾ?"

ಅವಳು ಮೊಬೈಲಿನಿಂದ ತಲೆ ಎತ್ತಿದಳು. "ಕಟ್ಟು ನಿಮ್ದು ಅಂತ ಬರ್ಕೊಟ್ರಿ. ಅದು ನಿಜಾನೇ ಅಲ್ವಾ ಆಂಟಿ? ಚಿತ್ರದ ವಿಷ್ಯ ನಿಮಗ್ಯಾಕೆ?"

"ಮೇಷ್ಟ್ರು ಇದ್ದಿದ್ರೆ..."

"ಅಪ್ಪ ಇಲ್ವಲ್ಲ."

ಮುನಿವೆಂಕಟಮ್ಮ ದೇವದಾಸರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ದೇವದಾಸ್ ಪೊಲೀಸರಿಗೆ ದೂರು ಕೊಟ್ಟರು. ಠಾಣೆಯಲ್ಲಿ ಶಿಲ್ಪಶ್ರೀ ಕೊಟ್ಟ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ಓದಿ ಹೇಳಿದರು: ಚಿತ್ರಗಳು ರಿಪೇರಿಗೆಂದು ಈ ಅಂಗಡಿಯಲ್ಲೇ ಇದ್ದವು, ಬದಲಾಯಿಸಿದ್ದು ಈ ಹೆಂಗಸೇ.

"ಆ ಮಗೂನಾ ಹಂಗಂದಿದ್ದು?" ಎಂದು ಎರಡು ಸಲ ಕೇಳಿದರು ಮುನಿವೆಂಕಟಮ್ಮ. ಮೂರನೆಯ ಸಲ ಕೇಳಲಿಲ್ಲ.

ಶಿಲ್ಪಶ್ರೀಗೆ ನಕಲು ಬರೆದುಕೊಟ್ಟ ಕಲಾವಿದ ಸಿಕ್ಕಿ ಬಾಯಿಬಿಟ್ಟ ಮೇಲೆ ಮುನಿವೆಂಕಟಮ್ಮನವರ ಮೇಲಿದ್ದ ಅನುಮಾನ ಕಳಚಿತು. ಆದರೂ ಬೀದಿಯ ಕೆಲವರು ಅಂಗಡಿಗೆ ಬರುವುದನ್ನು ಬಿಟ್ಟರು. ಅದನ್ನು ಲೆಕ್ಕಿಸದೆ ಅವರು, ತಾವು ಸಹಿ ಹಾಕಿದ ಮನೆಗಳಿಗೆ ಒಂದೊಂದಾಗಿ ಒಬ್ಬರೇ ಹೋಗಿ, ಕಟ್ಟು ಬಿಚ್ಚಿ ತೋರಿಸಿ, ಕ್ಷಮೆ ಕೇಳಿದರು. ಇನ್ನೂ ಮೂರು ನಕಲು ಸಿಕ್ಕವು.

ಕೊನೆಯ ಮನೆ ಇಟ್ಟಮಡುವಿನ ನಾರಾಯಣಮ್ಮನವರದು. ಅಲ್ಲಿನ ಲಕ್ಷ್ಮಿಯ ಚಿತ್ರ ದೇವರ ಕೋಣೆಯಲ್ಲಿತ್ತು. ವಿಷಯ ಕೇಳಿದ ನಾರಾಯಣಮ್ಮ ಬಾಗಿಲಿಗೆ ಅಡ್ಡ ನಿಂತರು.

"ಬಿಚ್ಬೇಡಿ ಕಣಕ್ಕ. ದಿನಾ ದೀಪ ಹಚ್ತಾ ಇದೀನಿ. ನಂಗೆ ಗೊತ್ತಾಗೋದೇ ಬೇಡ."

ನಾರಾಯಣಮ್ಮ ಕೊಟ್ಟ ಕುಂಕುಮ ತೆಗೆದುಕೊಂಡು ಮುನಿವೆಂಕಟಮ್ಮ ಹೊರಗೆ ಬಂದರು. ಠಾಣೆಯಲ್ಲೂ ಅಳದಿದ್ದವರು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತರು. ಎರಡು ಬಸ್ಸು ಬಂದು ಹೋದವು.