ಜಪಾನಿನ ಹುಡುಗಿ ಕಲಿತ ಕನ್ನಡ

ರೇಷ್ಮೆ ಸಾಕಣೆ ಓದುತ್ತಿದ್ದ ಆ ಜಪಾನಿನ ಹುಡುಗಿ ವಿದ್ಯಾರ್ಥಿ ವಿನಿಮಯದಲ್ಲಿ ಬಂದು, ಅರವತ್ತರ ದಶಕದಲ್ಲಿ ಒಂದು ವರ್ಷ ಕೊಳ್ಳೇಗಾಲದ ನಮ್ಮ ಮನೆಯಲ್ಲಿದ್ದಳು. ಮೊದಲ ವಾರವೆಲ್ಲ ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡಳು. ಆಮೇಲೆ ನಮ್ಮವ್ವನ ಹಿಂದೆಯೇ ತಿರುಗುತ್ತ, ಮೊರ, ಸೌಟು, ಒಲೆಯ ಬೂದಿ, ಕಂಡದ್ದಕ್ಕೆಲ್ಲ "ಇದ್ಕೇನಂತಾರವ್ವ?" ಎನ್ನುವಳು. ಅವ್ವ ಹೇಳಿದ್ದನ್ನು ಅಂಗೈಯಲ್ಲಿ ಬರೆದುಕೊಳ್ಳುವಳು.

ಒಮ್ಮೆ ಹನೂರಿನಲ್ಲಿ ರೇಷ್ಮೆ ರೈತರ ಸಭೆ; ಅವ್ವನೂ ನಾನೂ ಅವಳ ಜೊತೆ ಹೋಗಿದ್ದೆವು. ಅವಳು ಇಂಗ್ಲಿಷಿನಲ್ಲಿ ಮಾತಾಡುವುದು, ಅಧಿಕಾರಿಯೊಬ್ಬರು ಅದನ್ನು ಕನ್ನಡದಲ್ಲಿ ತಿಳಿಸುವುದು ಎಂದಾಗಿತ್ತು. ಅವಳು ಎದ್ದವಳೇ, "ಬ್ಯಾಡಿ ಸಾ, ನಾನೇ ಯೋಳ್ತೀನಿ. ಉಳ ಜ್ವರಕ್ಕೆ ಕೂತಾಗ ಸೊಪ್ಪು ಆಕ್ಬ್ಯಾಡಿ ಕಣ್ರಪ್ಪಾ" ಎಂದಳು. ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎಂದೇ ಕರೆಯುವುದು. ರೈತರು ಬೀಡಿ ಆರಿಸಿ ಮುಂದಕ್ಕೆ ಸರಿದು ಕೂತರು.

ಅಧಿಕಾರಿ ನಕ್ಕರು. "ಯೋಳ್ತೀನಿ ಅಲ್ಲಮ್ಮ, ಹೇಳ್ತೀನಿ. ಯಾರು ಕಲಿಸಿದ್ರು ನಿಮಗೆ ಈ ಕನ್ನಡ?"

"ನಮ್ಮವ್ವ, ಸಾ" ಎಂದು ಅವಳು ಹೆಂಗಸರ ಸಾಲಿನತ್ತ ತಿರುಗಿದಳು. ಅಧಿಕಾರಿಗಳೆದುರು ಅವ್ವ ಎಂದೂ ಬಾಯಿ ಬಿಟ್ಟವಳಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಾನೇ ಕಲ್ಸಿದ್ದು ಸಾ. ಎಂಗದೆ?"