ಮಣಲಿಯ ಖಾಲಿ ಮನೆ

ತಮ್ಮನ ಮಗ ಮೊನ್ನೆ ಬಂದು, "ದೊಡ್ಡಪ್ಪ, ನಾನೂ ಒಂದು ಫ್ಲ್ಯಾಟ್ ವಾಂಗಿ ರೆಂಟಿಗೆ ಬಿಡ್ಬೇಕು ಅಂತಿದ್ದೇನೆ. ಸ್ವಲ್ಪ ಐಡಿಯಾ ಹೇಳಿ" ಎಂದ. ಚೆನ್ನೈನಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡದಲ್ಲಿ ಅರ್ಧ ತಮಿಳು, ಕೊಳ್ಳುವುದಕ್ಕೂ 'ವಾಂಗಿ' ಎನ್ನುತ್ತಾನೆ. ಈ ವಿಷಯದಲ್ಲಿ ನನ್ನ ಬಳಿ ಬುದ್ಧಿ ಕೇಳುವುದೆಂದರೆ ಮುಳುಗಿದವನ ಹತ್ತಿರ ಈಜು ಕಲಿತ ಹಾಗೆ. ಆದರೂ, ಊರಿನ ಉತ್ತರ ತುದಿಯ ಮಣಲಿಯಲ್ಲಿರುವ ನನ್ನ ಮನೆಯಲ್ಲಿ ಬಚ್ಚಲ ಗೋಡೆ ಒಸರುತ್ತಿದೆಯೆಂದು ಬಾಡಿಗೆಯವರ ಫೋನು ಬಂದಿತ್ತು. ಅವನನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆಗೆ ಕೊಟ್ಟು ನೋಡು ಎಂದು ಯಾಕೆ ಸೇರಿಸಲಿಲ್ಲವೋ ಗೊತ್ತಿಲ್ಲ.

ಕುಂದಾಪುರದ ಕಡೆಯಿಂದ ಬಂದ ನಾನು ಅಣ್ಣಾ ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವನು. ನಿಂತು ನಿಂತು ಕಾಲಿನ ನರಗಳು ಉಬ್ಬಿ ಗಂಟು ಗಂಟಾಗಿದ್ದವು. ಒಂದು ಮನೆ ಕೊಂಡು ಬಾಡಿಗೆ ಬರತೊಡಗಿದರೆ ಕಾವಲಿ ಬಿಡುತ್ತೇನೆ, ಸಂಜೆ ಹೆಂಡತಿಯ ಜೊತೆ ಸಮುದ್ರದ ದಂಡೆಯಲ್ಲಿ ನಡೆಯುತ್ತೇನೆ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಅಷ್ಟೇ, ಕಾಲು ಇನ್ನೂ ನಡೆಯುವಾಗಲೇ ಬಿಡುವು.

ಮನೆ ನೋಡಲು ಹೋಗಿದ್ದು ಬೆಳಿಗ್ಗೆ, ಟಿಫನ್ ಹೊತ್ತಿಗೆ. ಹೋಟೆಲಿನವರು ಜಾಗ ನೋಡುವುದೇ ಹಾಗೆ. ಬಸ್‌ಸ್ಟಾಪಿನಲ್ಲಿ ನಿಂತು ಜನಸಂದಣಿ ನೋಡಿದೆ, ಖುಷಿಯಾಯಿತು. ಮನೆಗೆ ಬೇಕಾದದ್ದು ಗಿರಾಕಿಯಲ್ಲ, ನಿದ್ದೆ ಎಂಬುದು ಹೊಳೆಯಲಿಲ್ಲ. ಸಂಜೆ ಗಾಳಿ ತಿರುಗಿದಾಗ ಕಾರ್ಖಾನೆಗಳ ಕಡೆಯಿಂದ ಬರುವ ವಾಸನೆ ಗೊತ್ತಾದದ್ದು ರಿಜಿಸ್ಟ್ರೇಷನ್ ಆದ ಮೇಲೆ. "ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ಹೋಗಿ ನೋಡು ಮಾರಾಯ" ಎಂದು ಹುಡುಗನಿಗೆ ಹೇಳಿದೆ. ಅವನು ಫೋನಿನಲ್ಲಿ ಬರೆದುಕೊಂಡ.

ಬರೆದುಕೊಳ್ಳಬೇಕಾಗಿದ್ದದ್ದು ಮುಂದಿನದು. ಬಾಗಿಲಿಗೆ ಟು-ಲೆಟ್ ಬೋರ್ಡು ಹಾಕಿ, ಅದರ ಕೆಳಗೆ ತಮಿಳಿನಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ನಾನೇ ಬರೆದೆ. ಹೋಟೆಲಿನ ಬೋರ್ಡಿನಲ್ಲಿ ಅದು ಶೋಭೆ. ಸುತ್ತ ಬಂದರಿನ ಕೂಲಿಯವರು, ಕಾರ್ಖಾನೆಯವರು, ಎಣ್ಣೂರಿನ ಮೀನುಗಾರರು ಇರುವಲ್ಲಿ ಅದು ಶುದ್ಧ ಮೂರ್ಖತನ.

ಮೊದಲು ಬಂದವಳು ಎಣ್ಣೂರಿನ ಒಬ್ಬ ಹೆಂಗಸು. ಗಂಡನಿಗೆ ಬಂದರಿನಲ್ಲಿ ಕೆಲಸ, ಸೊಂಟದಲ್ಲಿ ಪುಟ್ಟ ಮಗಳು. ತಮಿಳು ಓದಲು ಬಾರದೋ, ಓದಿಯೂ ಬಂದಳೋ. ಅಡುಗೆಮನೆಯ ಕಲ್ಲನ್ನು ಕೈಯಿಂದ ಸವರಿದಳು, ನಲ್ಲಿ ತಿರುಗಿಸಿ, "ತಣ್ಣಿ ದಿನಾ ವರುಮಾ ಸಾರ್?" ಎಂದಳು. ನೀರು ದಿನಾ ಬರುತ್ತದೆಯೇ ಎಂದು ಕೇಳುವವರೇ ಮನೆಯಲ್ಲಿ ನಿಲ್ಲುವವರು. ನಾನು ಮಾತ್ರ ಅವಳು ಏನು ತಿನ್ನುತ್ತಾಳೆಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಬೇರೆಯವರು ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ ಎಂದು ಸುಳ್ಳು ಹೇಳಿ ಕಳಿಸಿದೆ.

ಅವರು ಎದುರು ಬೀದಿಯಲ್ಲೇ ಒಂದು ಕೋಣೆ ಹಿಡಿದರು. ನನ್ನ ಬೋರ್ಡು ಮಾತ್ರ ಹಾಗೆಯೇ ಇತ್ತು, ಅವಳು ದಿನಾ ಅದರ ಮುಂದೆ ಮಗಳನ್ನು ಎತ್ತಿಕೊಂಡು ನಡೆದಳು. ಸಸ್ಯಾಹಾರಿಗಳು ಬಂದರು, ಮೂಗು ಮುಚ್ಚಿಕೊಂಡು ಹೋದರು. ಎರಡು ವರ್ಷ ಮನೆ ಖಾಲಿ. ಎರಡು ವರ್ಷ ನಾನು ಕಾವಲಿಯ ಮುಂದೆ ನಿಂತೆ.

ಕಡೆಗೆ ಕಾಲಿನಲ್ಲಿ ಹುಣ್ಣು ಒಡೆಯಿತು. ಇನ್ನು ನಿಲ್ಲುವ ಹಾಗಿಲ್ಲ, ಹೆಚ್ಚು ನಡೆಯುವ ಹಾಗೂ ಇಲ್ಲ ಎಂದರು ಡಾಕ್ಟರು. ಆ ದಿನ ಹೆಂಡತಿ, "ಇನ್ನೆಂತ ಕಾಂಬುದ್? ಬಾಡ್ಗಿ ದುಡ್ಡಿಗೆ ಮೀನ್ ವಾಸ್ನಿ ಇತ್ತಾ? ನಿಮ್ ಕಾಲ್ ಕಾಣಿ" ಎಂದು ನನ್ನ ಕಾಲು ತೋರಿಸಿ ಅತ್ತಳು. ಮಾರನೇ ದಿನ ಅವಳೇ ಹೋಗಿ ಬೋರ್ಡು ಕಿತ್ತು, ಎದುರು ಬೀದಿಯ ಆ ಹೆಂಗಸನ್ನು ಕರೆದಳು. ಅವರು ಬಂದರು. ಹಳೆಯ ಮಾತು ಒಂದೂ ಎತ್ತಲಿಲ್ಲ. ತಿಂಗಳ ಮೊದಲ ದಿನವೇ ಬಾಡಿಗೆ ಬರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಬಯಸಿದ ಬಿಡುವು ಇದಲ್ಲ, ಇದು ಮೂಲೆ ಹಿಡಿದದ್ದು. ಸಮುದ್ರದ ದಂಡೆಗೆ ಹೆಂಡತಿ ಒಬ್ಬಳೇ ಹೋಗಿ ಬರುತ್ತಾಳೆ.

ಮೊನ್ನೆ ಬಚ್ಚಲ ಗೋಡೆ ನೋಡಿ ಹೊರಬಂದಾಗ ಆ ಹೆಂಗಸು ಕುರ್ಚಿ ಹಾಕಿದಳು, ಕಾಲಿಡಲು ಒಂದು ಸ್ಟೂಲನ್ನೂ ತಂದಳು. ಒಳಗೆ ಮೀನು ಹುರಿಯುತ್ತಿತ್ತು, ಅವಳು ಓಡಿಹೋಗಿ ಒಲೆ ಆರಿಸಿದಳು. ಆಮೇಲೆ ನಮ್ಮಿಬ್ಬರಿಗೂ ಕಾಫಿ ತಂದಳು. ಹುಡುಗನದು ಮನೆಯವರು ಬಳಸುವ ಹಳೆಯ ಲೋಟ. ನನ್ನ ಕೈಗೆ ಕೊಟ್ಟದ್ದು ಹೊಚ್ಚ ಹೊಸದು, ಅಂಗಡಿಯ ಚೀಟಿ ಇನ್ನೂ ತಳದಲ್ಲಿ ಅಂಟಿಕೊಂಡಿತ್ತು. "ಇದು ಉಂಗಳುಕ್ಕು ಮಟ್ಟುಂ ಸಾರ್" ಎಂದಳು, ನಿಮಗೆ ಮಾತ್ರ ಎಂದು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಆ 'ಮಾತ್ರ'ವನ್ನು ಈ ಬಾಗಿಲಿಗೆ ಮೊದಲು ಬರೆದವನು ನಾನೇ.