ಕಾಯಲು ಕಲಿತ ಯಂತ್ರ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಹೆಂಡತಿಯ ಬಲಗೈ ಮುಷ್ಟಿ ಬಿಗಿದು ಮಲಗಿದೆ. ಗಂಡ ಒಂದೊಂದೇ ಬೆರಳು ಬಿಡಿಸಿ ಕೈಗವಸಿಗೆ ತೂರಿಸುತ್ತಿದ್ದಾರೆ. ಗವಸಿನ ಬೆನ್ನಿಗೆ ಸೈಕಲ್ ಬ್ರೇಕಿನ ತಂತಿಗಳು, ಅವುಗಳ ತುದಿಗೆ ಹಳೆಯ ಪ್ರಿಂಟರಿನಿಂದ ಕಿತ್ತ ಪುಟ್ಟ ಮೋಟಾರು. "ಹ್ಞೂಂ, ತೋರುಬೆರಳು ಎತ್ತು ನೋಡೋಣ," ಎನ್ನುತ್ತಾರೆ. ಆಕೆ ಹಲ್ಲು ಕಚ್ಚಿ ಹೆಣಗುತ್ತಾರೆ. ಯಂತ್ರ ಹತ್ತು ಸೆಕೆಂಡು ಕಾಯುತ್ತದೆ. ಬೆರಳು ಮಿಸುಕುವುದಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಇವರು ಎಲ್ಲರಿಗೂ 'ಬೆರಳಣ್ಣ'. ಕಸುಬು ಪ್ರಿಂಟರ್, ಜೆರಾಕ್ಸ್ ಯಂತ್ರಗಳ ರಿಪೇರಿ. ಲಕ್ವ ಹೊಡೆದು ಕೈ ಬಿದ್ದುಹೋದವರಿಗೆ ವ್ಯಾಯಾಮ ಮಾಡಿಸುವ ಇಂಥ ನಲವತ್ತಮೂರು ಯಂತ್ರಗಳನ್ನು ಈವರೆಗೆ ಕಟ್ಟಿಕೊಟ್ಟಿದ್ದಾರೆ. ಕಂಪನಿಯ ಯಂತ್ರದ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಬೆರಳಣ್ಣನದು ಮಾಮೂಲಿ ಮೊಬೈಲ್ ಫೋನಿನ ಬೆಲೆಗೆ ಸಿಗುತ್ತದೆ. ಒಂದೊಂದಕ್ಕೂ ಹನ್ನೊಂದು ದಿನದ ದುಡಿಮೆ.

ಆರು ವರ್ಷದ ಹಿಂದೆ ಹೆಂಡತಿ ಟೈಲರ್ ಆಗಿದ್ದರು. ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ. ಒಂದು ಮಧ್ಯಾಹ್ನ ಅಂಗಿ ಕತ್ತರಿಸುತ್ತಿದ್ದಾಗಲೇ ಲಕ್ವ ಹೊಡೆಯಿತು. ಗಂಡ ಮೂರೇ ವಾರದಲ್ಲಿ ಮೊದಲ ಯಂತ್ರ ಕಟ್ಟಿ ನಿಲ್ಲಿಸಿದರು. ಸ್ವಿಚ್ ಒತ್ತಿದರೆ ಸಾಕು, ದಿನಕ್ಕೆ ಎರಡು ಸಾವಿರ ಸಲ ಬೆರಳು ತೆರೆದು ಮುಚ್ಚುತ್ತಿತ್ತು. ಆಕೆ ಹಾಯಾಗಿ ಟಿ.ವಿ. ನೋಡುತ್ತ ಕೂತಿರುತ್ತಿದ್ದರು. "ನೆಂಟರನ್ನೆಲ್ಲ ಕರೆದು ತೋರಿಸಿದ್ದೆ," ಎನ್ನುತ್ತಾರೆ ಬೆರಳಣ್ಣ. "ಮೆಕ್ಯಾನಿಕ್ ಬುದ್ಧಿ ನೋಡಿ. ಮೋಟಾರು ಓಡಿದ್ರೆ ಕೆಲಸ ಆಯ್ತು ಅಂದ್ಕೊಂಡಿದ್ದೆ."

ಏಳು ತಿಂಗಳ ಮೇಲೆ ಅದನ್ನು ನೋಡಿದ ಫಿಜಿಯೋಥೆರಪಿ ಮೇಡಂ ಹಣೆ ಚಚ್ಚಿಕೊಂಡರಂತೆ. "ತಲೆ ಹೇಳ್ಬೇಕು, ಬೆರಳು ಕೇಳ್ಬೇಕು ಕಣಪ್ಪಾ. ಇಲ್ಲಿ ಎಲ್ಲಾ ಮೋಟಾರೇ ಮಾಡ್ತಿದೆ. ಮೊದಲ ಆರು ತಿಂಗಳೇ ಕೈ ಚೇತರಿಸ್ಕೊಳ್ಳೋ ಕಾಲ. ಅದು ಹೋಯ್ತಲ್ಲ!"

ಬೆರಳಣ್ಣ ಆ ಮಾತನ್ನು ಇವತ್ತಿಗೂ ಮರೆತಿಲ್ಲ. ಯಂತ್ರವನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಈಗ ಬೆರಳು ಕೂದಲೆಳೆಯಷ್ಟಾದರೂ ತಾನಾಗಿ ಅಲುಗಬೇಕು. ಅದನ್ನು ಸೆನ್ಸರ್ ಹಿಡಿದ ಮೇಲಷ್ಟೇ ಮೋಟಾರು ಕೈಜೋಡಿಸುತ್ತದೆ. ಹೀಗೆ ಪಳಗಿದ ಬಸ್ ಡ್ರೈವರೊಬ್ಬರು ಈಗ ತಾವೇ ತಲೆ ಬಾಚಿಕೊಳ್ಳುತ್ತಾರೆ. ಒಬ್ಬ ಟೀಚರ್ ಬೋರ್ಡಿನ ಮೇಲೆ ಬರೆಯುತ್ತಾರೆ, ಅಕ್ಷರ ಮಾತ್ರ ಸೊಟ್ಟ. ಆದರೆ ಪ್ರತಿ ಹೊಸ ಯಂತ್ರವನ್ನೂ ಮೊದಲು ಕಟ್ಟಿ ನೋಡುವುದು ಹೆಂಡತಿಯ ಕೈಗೆ. ಆ ಕೈ ಮಾತ್ರ ಓಗೊಟ್ಟಿಲ್ಲ.

ಕಳೆದ ವರ್ಷ ಬೆರಳಣ್ಣ ಒಂದು ಮೋಸ ಮಾಡಿದರು. ಆಕೆಯ ಬೇಸರ ನೋಡಲಾರದೆ, ಬೆರಳು ಅಲುಗದಿದ್ದರೂ ಮೋಟಾರು ಓಡುವಂತೆ ಗುಟ್ಟಾಗಿ ಸೆನ್ಸರಿನ ತಿರುಪು ತಿರುಗಿಸಿಟ್ಟರು. ಬೆರಳು ಎದ್ದಿತು. ಆಕೆಯ ಮುಖ ಅರಳಿತು. ಎರಡನೆಯ ಸಲ ಎದ್ದಾಗ ಆಕೆ ಗಂಡನನ್ನೇ ದಿಟ್ಟಿಸಿದರು.

"ರೀ, ಮೋಟಾರು ಗುಂಯ್ ಅಂದ್ಮೇಲೆ ತಾನೇ ಬೆರಳು ಎದ್ದಿದ್ದು? ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೀನಿ, ಅಷ್ಟೂ ಗೊತ್ತಾಗಲ್ವಾ? ನನ್ನ ಕೈ ಬರದೇ ಇದ್ರೂ ಪರವಾಗಿಲ್ಲ. ಬಂತು ಅಂತ ಸುಳ್ಳು ಹೇಳ್ಬೇಡಿ."

ಆ ದಿನ ಇಬ್ಬರೂ ಅತ್ತರು. ತಿರುಪನ್ನು ಮೊದಲಿನಂತೆ ಮಾಡಿದ ಬೆರಳಣ್ಣ ಅಂದಿನಿಂದ ಅದಕ್ಕೆ ಕೈ ಹಾಕಿಲ್ಲ. ಗಂಡನ ಮೇಲೆ ಸಿಟ್ಟಿಲ್ಲವೇ ಎಂದರೆ ಆಕೆ ನಕ್ಕುಬಿಡುತ್ತಾರೆ. "ಯಾರ ಮೇಲೆ ಸಿಟ್ಟು ಮಾಡ್ಲಿ? ನನ್ನ ಕೈ ಒಂದನ್ನ ಬಿಟ್ರೆ ಈ ಮನುಷ್ಯನಿಗೆ ಬೇರೆ ಧ್ಯಾನವೇ ಇಲ್ಲ."

ಇವತ್ತು ಮೂವತ್ತು ಸಲ ಪ್ರಯತ್ನ. ಒಮ್ಮೆಯೂ ಬೆರಳು ಏಳಲಿಲ್ಲ. ಬೆರಳಣ್ಣ ಗವಸು ಕಳಚಿ, ಆಕೆಯ ಅಂಗೈಯ ಬೆವರು ಒರೆಸಿ, ನಲವತ್ತನಾಲ್ಕನೆಯ ಯಂತ್ರವನ್ನು ಚೀಲಕ್ಕಿಡುತ್ತಾರೆ. ಹನ್ನೆರಡು ದಿನದ ಹಿಂದೆ ಲಕ್ವ ಹೊಡೆದ ಬಡಗಿಯೊಬ್ಬರು ವಾರ್ಡಿನಲ್ಲಿ ಕಾಯುತ್ತಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ ಬೆರಳಣ್ಣ ಬಾಗಿಲಲ್ಲೇ ನಿಂತು, ಒಳಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಒಂದೇ ಒಂದು ಸಲ ಅವಳ ಬೆರಳು ತಾನಾಗಿ ಮೊದಲು ಏಳ್ಲಿ. ನನ್ನ ಮೋಟಾರು ಹಿಂದೆ ಬೀಳ್ಲಿ."